ಅನುಭವದ ಕಾಲಂ ಖಾಲಿ ಇದ್ದಾಗ

ಬಿಕಾಂ ಮುಗಿಸಿ ಶಿರಸಿಯ ಮನೆಯಲ್ಲೇ ಕೂತು, ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್ ತೆರೆದೆ. ಹೆಸರಿನ ಕೆಳಗಿನ ‘ಹೆಡ್‌ಲೈನ್’ ಸಾಲಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಅಂತ ಹಾಕಿದ್ದೆ. ಎರಡು ತಿಂಗಳು ಯಾರೂ ಇಣುಕಲಿಲ್ಲ. ಆಮೇಲೆ ನೆನಪಾದದ್ದು ದೊಡ್ಡಪ್ಪನ ಅಡಿಕೆ ಲೆಕ್ಕ. ರಾಶಿ, ಚಾಲಿ, ಬೆಟ್ಟೆ ಅಂತ ಬೇರೆ ಮಾಡಿ, ಕೊಯ್ಲಿನ ಕೂಲಿಯಿಂದ ಮಾರಾಟದವರೆಗೆ ಮೂರು ವರ್ಷ ಎಕ್ಸೆಲ್‌ನಲ್ಲಿ ಬರೆದಿಟ್ಟವಳು ನಾನೇ. ಸಂಬಳ? ಹಬ್ಬಕ್ಕೊಂದು ಸೀರೆ. ಅದನ್ನೇ ಅನುಭವಕ್ಕೆ ಸೇರಿಸಿದೆ, ‘ಕುಟುಂಬದ ತೋಟ, ಅರೆಕಾಲಿಕ’ ಅಂತ ಬಿಡಿಸಿ ಬರೆದು. ‘ಮ್ಯಾನೇಜರ್ ಅಂತ ಹಾಕೇ ಅಕ್ಕಾ’ ಅಂದ ತಮ್ಮ, ನಾನು ಕೇಳಲಿಲ್ಲ. ಹೆಡ್‌ಲೈನ್‌ಗೆ 220 ಅಕ್ಷರ ಸಿಗುತ್ತದೆ. ಅಲ್ಲಿ ಎಕ್ಸೆಲ್, ಟ್ಯಾಲಿ, ಜಿಎಸ್‌ಟಿ ಕೂತವು. ಹೆಸರು, ಮೊತ್ತ ಬದಲಿಸಿದ ಒಂದು ಶೀಟನ್ನು, ಕೆಲಸದ ಮಾದರಿ ತೋರಿಸುವ ಭಾಗವಾದ ‘ಫೀಚರ್ಡ್’ನಲ್ಲಿ ಇಟ್ಟೆ. ಕಾಲೇಜಿನ ಮೇಷ್ಟ್ರು ಎರಡು ಸಾಲು ಶಿಫಾರಸು ಬರೆದರು. ಮುಂದಿನ ವಾರ ಹುಬ್ಬಳ್ಳಿಯ ಆಡಿಟರ್ ಒಬ್ಬರ ಮೆಸೇಜು: ‘ಆ ಅಡಿಕೆ ಶೀಟು ನೀವೇ ಮಾಡಿದ್ದಾ?’