ಮರದ ಪೀಠ, ನಾಡಿ, ಮೊಬೈಲು: ತುಮಕೂರಿನಲ್ಲಿ ಎಂ.ಪಿ.ಎಡ್ ಪ್ರಬಂಧಕ್ಕೆ ಅಳತೆ ಮಾಡಿದ ಬಗೆ

ವ್ಯಾಯಾಮ ವಿಜ್ಞಾನ ಓದುವವರಿಗೆ ಮೊದಲು ಹತ್ತುವ ಚಿಂತೆ ಲ್ಯಾಬಿನದು. ಉಸಿರಿನ ಅನಿಲ ಅಳೆಯುವ ಯಂತ್ರವಿಲ್ಲ, ಕಾಲು ನೆಲವನ್ನು ಒತ್ತುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಇಲ್ಲ, ಪ್ರಬಂಧ ಬರೆಯೋದು ಹೇಗೆ ಅಂತ. ಎಂ.ಪಿ.ಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಪ್ರಬಂಧಕ್ಕೆ ನಾನು ಬಳಸಿದ್ದು ಒಂದು ಮರದ ಪೀಠ, ಒಂದೇ ಲಯದಲ್ಲಿ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್, ಸ್ಟಾಪ್‌ವಾಚ್, ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲು. ಸಾಮಾನು ಸಾಕಾಯಿತು. ಪಳಗಬೇಕಾದದ್ದು ಎಣಿಸುವ ಕೈ, ನೋಡುವ ಕಣ್ಣು. ಅದಕ್ಕೆ ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಹೃದಯ–ಶ್ವಾಸಕೋಶದ ಸಾಮರ್ಥ್ಯಕ್ಕೆ ಆರಿಸಿಕೊಂಡದ್ದು ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್: ಪೀಠ ಹತ್ತಿಳಿಸಿ ನಾಡಿ ಎಣಿಸುವುದು, ನಾಡಿ ಕಡಿಮೆಯಿದ್ದಷ್ಟೂ ಸಾಮರ್ಥ್ಯ ಹೆಚ್ಚು. ಇಂಥದ್ದೇ ಇನ್ನೊಂದು ಹಾರ್ವರ್ಡ್ ಟೆಸ್ಟ್. ಅದರ ಪೀಠ 50.8 ಸೆಂ.ಮೀ., ನಿಮಿಷಕ್ಕೆ 30 ಸಲದಂತೆ 5 ನಿಮಿಷ ಹತ್ತಿಳಿಯಬೇಕು. ಕುಳ್ಳಗಿರುವವರಿಗೆ ಎದೆಗಿಂತ ಮೊದಲು ತೊಡೆಯೇ ಸೋಲುತ್ತದೆ. ಕ್ವೀನ್ಸ್ ಪೀಠ 41.3 ಸೆಂ.ಮೀ., ಅವಧಿ 3 ನಿಮಿಷ. ಬಡಗಿಗೆ ಸೆಂಟಿಮೀಟರ್ ಹೇಳಬೇಡಿ, ‘ಹದಿನಾರೂಕಾಲು ಇಂಚು’ ಅನ್ನಿ, ಅದನ್ನೂ ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಕಾಲು ಇಂಚು ಹಾರಿಹೋಗಿ ಹದಿನಾರಕ್ಕೇ ಗರಗಸ ಬೀಳುತ್ತದೆ. ಜಾರದಿರಲಿ ಅಂತ ಮೇಲೆ ರಬ್ಬರ್ ಹಾಸುವುದಿದ್ದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದಾರು ಮಿಲಿಮೀಟರ್ ವ್ಯತ್ಯಾಸದಿಂದ ಮುಳುಗುವಂಥದ್ದೇನಿಲ್ಲ, ಆದರೆ ಇಡೀ ಅಧ್ಯಯನಕ್ಕೆ ಒಂದೇ ಪೀಠ ಇರಬೇಕು.

ಗಂಡಸರಿಗೆ ನಿಮಿಷಕ್ಕೆ 24 ಸಲ, ಅಂದರೆ ಮೆಟ್ರೊನೋಮ್ 96. ಹೆಂಗಸರಿಗೆ 22 ಸಲ, ಮೆಟ್ರೊನೋಮ್ 88. ಒಂದು ಸುತ್ತಿಗೆ ನಾಲ್ಕು ಟಿಕ್: ಮೇಲೆ, ಮೇಲೆ, ಕೆಳಗೆ, ಕೆಳಗೆ. ಮೇಲೆ ನಿಂತಾಗ ಮಂಡಿ ಪೂರ್ತಿ ನೆಟ್ಟಗಾಗಬೇಕು. ಎರಡನೇ ನಿಮಿಷದ ಹೊತ್ತಿಗೆ ಎಲ್ಲರೂ ಮಂಡಿ ಮಡಿಸಿಕೊಂಡೇ ಇಳಿಯಲು ಶುರು ಮಾಡುತ್ತಾರೆ. ಕೆಲಸ ಕಡಿಮೆಯಾಗುತ್ತದೆ, ನಾಡಿ ಇಳಿಯುತ್ತದೆ, ಕಾಗದದ ಮೇಲೆ ಮಾತ್ರ ಸಾಮರ್ಥ್ಯ ಏರುತ್ತದೆ. ‘ನೆಟ್ಟಗೆ’ ಅಂತ ಕೂಗುವುದಕ್ಕೇ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಬರುವವರ ಸ್ಥಿತಿಯನ್ನೂ ನೋಡಬೇಕು. ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಿಳಿದವರು ತಡವಾಯಿತೆಂದು ಓಡಿಕೊಂಡೇ ಬರುತ್ತಾರೆ. ಹದಿನೈದು ನಿಮಿಷ ಕೂರಿಸದೆ ಪೀಠ ಹತ್ತಿಸಬಾರದು. ಹಿಂದಿನ ಮೂರು ಗಂಟೆ ಕಾಫಿ, ಟೀ, ಸಿಗರೇಟು ಬೇಡ; ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪರೀಕ್ಷೆ ಮುಗಿದ ಮೇಲೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ‘ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು’ ಎಂಬ ಸಾಲು ಅದರಲ್ಲಿರಲೇಬೇಕು. 18 ತುಂಬದವರಾದರೆ ಪೋಷಕರ ಸಹಿಯೂ ಬೇಕು. ಎದೆನೋವು, ತಲೆಸುತ್ತು ಅಂದರೆ ಅಲ್ಲಿಗೇ ನಿಲ್ಲಿಸಿ.

ನಾಡಿಯ ಕೆಲಸ ಒಟ್ಟು ಇಪ್ಪತ್ತು ಸೆಕೆಂಡು, ತಪ್ಪುಗಳೆಲ್ಲ ಅಲ್ಲೇ. ಮೂರು ನಿಮಿಷ ಮುಗಿದೊಡನೆ ಆತ ನಿಂತೇ ಇರಬೇಕು, ಕೂರಬಾರದು. 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಐದು ಸೆಕೆಂಡಿನೊಳಗೆ ನಾಡಿ ಹುಡುಕುವುದು ಹೊಸಬರಿಗೆ ಆಗದ ಮಾತು. ಅದಕ್ಕೇ ಪರೀಕ್ಷೆಗೆ ಮೊದಲೇ ಮಣಿಕಟ್ಟಿನಲ್ಲಿ ಜಾಗ ಹುಡುಕಿ ಪೆನ್ನಿನಿಂದ ಚುಕ್ಕಿ ಇಡುತ್ತಿದ್ದೆ. ಕೊರಳಲ್ಲಿ ಬೇಗ ಸಿಗುತ್ತದೆ ನಿಜ, ಆದರೆ ಒತ್ತಿ ಹಿಡಿದರೆ ಅಲ್ಲಿನ ಒತ್ತಡಗ್ರಾಹಕಗಳು ಹೃದಯಕ್ಕೆ ನಿಧಾನಿಸಲು ಸೂಚನೆ ಕೊಡುತ್ತವೆ. ಅಳೆಯಲು ಹೋಗಿ ಅಳತೆಯನ್ನೇ ಕೆಡಿಸಿದಂತೆ. ತಡವಾಗಿ 15ನೇ ಸೆಕೆಂಡಿನಲ್ಲಿ ಶುರು ಮಾಡಿದರೆ ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ವಾಚು ಮೊದಲೇ ಓಡುತ್ತಿದ್ದರೆ ಮೊದಲ ಬಡಿತ ‘ಒಂದು’; ಬಡಿತದ ಜೊತೆಗೇ ವಾಚು ಒತ್ತಿದರೆ ಅದು ‘ಸೊನ್ನೆ’. ಇಬ್ಬರು ಎಣಿಸುವವರಲ್ಲಿ ಯಾವಾಗಲೂ ಒಂದೊಂದು ಹೆಚ್ಚು ಕಡಿಮೆ ಬರುತ್ತಿದ್ದರೆ ಕಾರಣ ಇದೇ.

ಒಂದು ಬಡಿತಕ್ಕೆ ಏನಾಗಿಬಿಡುತ್ತದೆ? ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ನಾಡಿಯಿಂದ ಅಂದಾಜಿಸುವ ಸೂತ್ರ ಗಂಡಸರಿಗೆ ಹೀಗಿದೆ: 111.33 ರಿಂದ, ನಿಮಿಷದ ಬಡಿತದ 0.42 ಪಟ್ಟು ಕಳೆಯಬೇಕು. 15 ಸೆಕೆಂಡಿಗೆ 38 ಸಿಕ್ಕರೆ ನಿಮಿಷಕ್ಕೆ 152; ಉತ್ತರ ದೇಹತೂಕದ ಕೆ.ಜಿ.ಗೆ, ನಿಮಿಷಕ್ಕೆ 47.49 ಮಿ.ಲೀ. ಆಮ್ಲಜನಕ. 37 ಎಣಿಸಿದ್ದರೆ 49.17. ಒಂದೇ ಬಡಿತಕ್ಕೆ 1.68 ಜಿಗಿಯಿತು. ಹೆಂಗಸರ ಸೂತ್ರದಲ್ಲಿ 65.81 ರಿಂದ 0.1847 ಪಟ್ಟು ಕಳೆಯುವುದರಿಂದ ಈ ಜಿಗಿತ 0.74 ಮಾತ್ರ. ಇದು ಅಂದಾಜೇ ಹೊರತು ನೇರ ಅಳತೆಯಲ್ಲ. ಸೂತ್ರ ಕಟ್ಟಿದ್ದು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ. ಪ್ರಬಂಧದಲ್ಲಿ ಹಾಗೆಂದು ಒಪ್ಪಿಕೊಳ್ಳಿ, ದಶಮಾಂಶದ ಎರಡು ಸ್ಥಾನ ನೋಡಿ ಹಿಗ್ಗಬೇಡಿ.

ಕಾಲಿನ ಸ್ಫೋಟಕ ಬಲಕ್ಕೆ ನೆಟ್ಟಗೆ ಮೇಲೆ ಜಿಗಿಯುವ ಪರೀಕ್ಷೆ, ಮೊಬೈಲಿನಲ್ಲಿ. ಪಾದಗಳು ಗಾಳಿಯಲ್ಲಿದ್ದ ಕಾಲವನ್ನು ವರ್ಗ ಮಾಡಿ 9.81 ರಿಂದ ಗುಣಿಸಿ 8 ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ. ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ 30.7 ಸೆಂ.ಮೀ. ಮಾಮೂಲಿ 30 ಫ್ರೇಮ್ ವಿಡಿಯೊದಲ್ಲಿ ಒಂದು ಫ್ರೇಮ್ ತಪ್ಪಿದರೆ ಎತ್ತರ 4 ಸೆಂ.ಮೀ. ಏರುಪೇರಾಗುತ್ತದೆ, 240 ಫ್ರೇಮಿನಲ್ಲಿ ಅರ್ಧ ಸೆಂ.ಮೀ. ಮಾತ್ರ. ಸ್ಲೋ ಮೋಷನ್ ಫೈಲನ್ನು ಕಂಪ್ಯೂಟರಿಗೆ ಹಾಕಿದಾಗ ಸಾಫ್ಟ್‌ವೇರ್ ಅದನ್ನು 30 ಫ್ರೇಮಿನದೆಂದು ಓದಿದರೆ ಕಾಲ ಎಂಟು ಪಟ್ಟು ಕಾಣುತ್ತದೆ. ಉಚಿತವಾಗಿ ಸಿಗುವ ವಿಡಿಯೊ ವಿಶ್ಲೇಷಣೆಯ ಸಾಫ್ಟ್‌ವೇರ್ ಕಿನೋವಿಯಾದಲ್ಲಿ ಚಿತ್ರೀಕರಣದ ನಿಜವಾದ ಫ್ರೇಮ್ ದರ ತುಂಬಲು ಜಾಗವಿದೆ.

ಮೊಬೈಲನ್ನು ನೆಲದಲ್ಲೇ, ಶೂ ಮಟ್ಟಕ್ಕೆ, ಒಂದೂವರೆ ಮೀಟರ್ ದೂರದಲ್ಲಿಡಿ. ಕೆಮ್ಮಣ್ಣಿನ ಅಂಗಳ ಬೇಡ. ಇಳಿಯುವಾಗ ಏಳುವ ದೂಳಿನಲ್ಲಿ ಬೆರಳ ತುದಿ ನೆಲ ಮುಟ್ಟಿದ ಫ್ರೇಮೇ ಕಾಣದು. ಸಿಮೆಂಟು ನೆಲವೇ ಸರಿ, ಕಪ್ಪು ಶೂವಾದರೆ ಅಟ್ಟೆಯಂಚಿಗೆ ಸೀಮೆಸುಣ್ಣ ಬಳಿಯಿರಿ. ಒಳಾಂಗಣದ ಟ್ಯೂಬ್‌ಲೈಟು 240 ಫ್ರೇಮಿನಲ್ಲಿ ಮಿಣುಕುತ್ತದೆ: ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಬೆನ್ನು ಮಾಡಿ ತೆಗೆದ ವಿಡಿಯೊ ಸೊಗಸಾಗಿರುತ್ತದೆ. ಕೈ ಸೊಂಟದ ಮೇಲಿರಲಿ. ಖೋಖೋ ಹುಡುಗರು ಗಾಳಿಯಲ್ಲಿ ಮಂಡಿ ಮಡಿಸಿ ಇಳಿಯುತ್ತಾರೆ, ಗಾಳಿಯ ಕಾಲ ಸುಮ್ಮನೆ ಹಿಗ್ಗುತ್ತದೆ. ಅಂಥ ಜಿಗಿತವನ್ನು ರದ್ದು ಮಾಡಿ ಮತ್ತೆ ಮಾಡಿಸಿ.

ಇಷ್ಟಾದ ಮೇಲೂ ನಿಮ್ಮ ಅಳತೆಯ ತಪ್ಪೆಷ್ಟು ಎಂಬುದು ಗೊತ್ತಿರಬೇಕು. ಹತ್ತು ಜನರನ್ನು ಎರಡು ದಿನದ ಅಂತರದಲ್ಲಿ ಎರಡು ಸಲ ಅಳೆಯಿರಿ. ಪ್ರತಿಯೊಬ್ಬರ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿ, 20 ರಿಂದ (ಜನರ ಸಂಖ್ಯೆಯ ಎರಡರಷ್ಟು) ಭಾಗಿಸಿ ವರ್ಗಮೂಲ ತೆಗೆಯಿರಿ. ಅದೇ ನಿಮ್ಮ ಅಳತೆಯ ತಪ್ಪು. ಜಿಗಿತದಲ್ಲಿ ಅದು 1 ಸೆಂ.ಮೀ. ಬಂತು ಅನ್ನಿ, ಅದರ 2.77 ಪಟ್ಟು, ಹತ್ತಿರಹತ್ತಿರ 2.8 ಸೆಂ.ಮೀ. ದಾಟದ ಏರಿಕೆಯನ್ನು ಒಬ್ಬ ಆಟಗಾರನ ಪ್ರಗತಿ ಅಂತ ಬರೆಯುವ ಹಾಗಿಲ್ಲ. ಆರು ವಾರದ ತರಬೇತಿಗೆ 2 ಸೆಂ.ಮೀ. ಏರಿತು ಅಂದರೆ ಏರಿದ್ದು ಅವನೋ ನಿಮ್ಮ ಅಳತೆಯೋ ಹೇಳಲಾಗದು.

ತರಬೇತಿ ಮುಗಿದ ಮೇಲಿನ ಎರಡನೇ ಸುತ್ತು ಅದೇ ಹೊತ್ತಿಗೆ, ಅದೇ ಶೂ, ಅದೇ ನೆಲ. ಮೊದಲ ಸುತ್ತಿನ ಹಾಳೆಗಳನ್ನು ಲಕೋಟೆಗೆ ಹಾಕಿ ಸಹಪಾಠಿಯ ಕೈಗೆ ಕೊಟ್ಟುಬಿಡಿ. ಕಳೆದ ಸಲ 38 ಇತ್ತು ಅಂತ ನೆನಪಿದ್ದರೆ, ಈ ಸಲ 37 ಮತ್ತು 38ರ ನಡುವೆ ಅನುಮಾನ ಬಂದಾಗ, ಪ್ರಗತಿ ಕಾಣುವ ಆಸೆಗೆ ಬೆರಳು 37ಕ್ಕೇ ನಿಲ್ಲುತ್ತದೆ.