ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮಕ್ಕಳಿಬ್ಬರನ್ನೇ ಕಳುಹಿಸಿದ ನನ್ನ ಅನುಭವ

ಜರ್ಮನಿಯ ಶಾಲೆಗಳಿಗೆ ಬೇಸಿಗೆ ರಜೆ ಆರು ವಾರ. ನೌಕರಿಯಲ್ಲಿರುವ ತಂದೆ ತಾಯಿಗೆ ಅಷ್ಟು ದಿನ ಒಟ್ಟಿಗೆ ರಜೆ ಸಿಗುವುದು ಕಷ್ಟ. ಮೈಸೂರಿನಲ್ಲಿರುವ ಅಜ್ಜಿ ತಾತನ ಬಳಿ ಮಕ್ಕಳು ರಜೆಯನ್ನು ಪೂರ್ತಿಯಾಗಿ ಕಳೆಯಲಿ ಎಂದು ಹನ್ನೊಂದು ವರ್ಷದ ಮಗಳನ್ನೂ ಎಂಟು ವರ್ಷದ ಮಗನನ್ನೂ ನಾವಿಲ್ಲದೆ ವಿಮಾನದಲ್ಲಿ ಕಳುಹಿಸಲು ನಿರ್ಧರಿಸಿದೆವು. ಇದನ್ನು ಮಾಡಿ ಮುಗಿಸಿದ ಮೇಲೆ ನನಗೆ ಖಚಿತವಾದ ಸಂಗತಿ ಒಂದಿದೆ: ವಿಮಾನದೊಳಗಿನ ಒಂಬತ್ತು ಗಂಟೆಗಳಿಗಿಂತ ಮಕ್ಕಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕ್ಷಣಗಳಿಗೇ ಹೆಚ್ಚು ಸಿದ್ಧತೆ ಬೇಕು, ಮತ್ತು ಆ ಸಿದ್ಧತೆ ಮಕ್ಕಳಿಗಿಂತ ಮುಂಚೆ ಹಿರಿಯರಲ್ಲಿ ಆಗಬೇಕು.

ಒಂಟಿಯಾಗಿ ಪ್ರಯಾಣಿಸುವ ಮಕ್ಕಳಿಗಾಗಿ ವಿಮಾನಯಾನ ಸಂಸ್ಥೆಗಳು ನಡೆಸುವ ಸೇವೆಗೆ ‘ಅನ್‌ಅಕಂಪನೀಡ್ ಮೈನರ್’ ಎಂಬ ಹೆಸರಿದ್ದು, ಕೌಂಟರ್‌ಗಳಲ್ಲಿ ಇದನ್ನು ಚಿಕ್ಕದಾಗಿ ‘ಯುಎಂ’ ಎನ್ನುತ್ತಾರೆ. ಬಹುತೇಕ ಸಂಸ್ಥೆಗಳಲ್ಲಿ ಐದು ವರ್ಷ ತುಂಬದ ಮಗುವನ್ನು ಒಂಟಿಯಾಗಿ ಹತ್ತಿಸಿಕೊಳ್ಳುವುದಿಲ್ಲ. ಹಲವು ಸಂಸ್ಥೆಗಳಲ್ಲಿ ಐದರಿಂದ ಹನ್ನೊಂದು ವರ್ಷದವರೆಗೆ ಈ ಸೇವೆ ಕಡ್ಡಾಯ, ಆಮೇಲೆ ಐಚ್ಛಿಕ. ಆದರೆ ಎಲ್ಲರೂ ಇದನ್ನು ಕೊಡುವುದಿಲ್ಲ. ಬ್ರಿಟಿಷ್ ಏರ್‌ವೇಸ್ 2016ರಲ್ಲಿ ಇದನ್ನು ನಿಲ್ಲಿಸಿತು. ಆದ್ದರಿಂದ ಟಿಕೆಟ್ ದರ ನೋಡುವ ಮೊದಲು ಆ ಸಂಸ್ಥೆಯಲ್ಲಿ ಸೇವೆ ಇದೆಯೇ, ಯಾವ ವಯಸ್ಸಿಗೆ, ಆ ಮಾರ್ಗದಲ್ಲಿ ಸಿಗುತ್ತದೆಯೇ ಎಂಬುದನ್ನು ನೋಡಬೇಕು.

ನಾವು ಲುಫ್ತಾನ್ಸಾದ ಫ್ರಾಂಕ್‌ಫರ್ಟ್–ಬೆಂಗಳೂರು ನೇರ ವಿಮಾನವನ್ನು ಆರಿಸಿದೆವು. ಕೊಲ್ಲಿ ರಾಷ್ಟ್ರಗಳ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿದ್ದರೂ ನಡುವೆ ವಿಮಾನ ಬದಲಿಸುವ ಮಾರ್ಗವನ್ನು ನಾನು ಪರಿಗಣಿಸಲೇ ಇಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮಕ್ಕಳು ಮೂರನೆಯ ದೇಶದಲ್ಲಿ ಉಳಿಯಬೇಕಾಗುತ್ತದೆ. ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ. ನೇರ ವಿಮಾನ ಇರುವಾಗ ಹಣ ಉಳಿಸಲು ಹೋಗಿ ಈ ಅಪಾಯವನ್ನು ತಂದುಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಟಿಕೆಟ್ಟನ್ನು ಫೋನಿನಲ್ಲೇ ಮಾಡಿಸಿದೆವು, ಏಕೆಂದರೆ ಒಂದು ವಿಮಾನದಲ್ಲಿ ಇಂತಿಷ್ಟೇ ಒಂಟಿ ಮಕ್ಕಳಿಗೆ ಅವಕಾಶವಿರುತ್ತದೆ ಮತ್ತು ಸೇವೆ ಖಚಿತವಾಗದೆ ಟಿಕೆಟ್ ಕೈಗೆ ಬಂದು ಪ್ರಯೋಜನವಿಲ್ಲ. ಸೇವೆಗೆ ಟಿಕೆಟ್ ದರವಲ್ಲದೆ ಬೇರೆ ಶುಲ್ಕವಿದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಟ್ಟಬೇಕು.

ಈ ಸೇವೆಯ ಅರ್ಜಿ ನೋಡಲು ಸಾಮಾನ್ಯವಾದದ್ದು. ಬಿಡಲು ಬರುವವರ ಹೆಸರು, ವಿಳಾಸ, ಫೋನು. ಕರೆದುಕೊಳ್ಳಲು ಬರುವವರ ಹೆಸರು, ವಿಳಾಸ, ಫೋನು. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಈ ಕಾಗದದ ಮೇಲೆಯೇ, ಏಕೆಂದರೆ ಬೆಂಗಳೂರಿನಲ್ಲಿ ಮಕ್ಕಳನ್ನು ಒಪ್ಪಿಸುವ ಸಿಬ್ಬಂದಿ ಅರ್ಜಿಯಲ್ಲಿರುವ ಹೆಸರನ್ನೂ ಎದುರಿಗೆ ನಿಂತವರ ಗುರುತಿನ ಚೀಟಿಯನ್ನೂ ಹೋಲಿಸಿ ನೋಡಿ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಹೆಸರುಗಳ ರೂಢಿಯೇ ಇಲ್ಲಿ ತೊಡಕು. ನನ್ನ ತಂದೆಯವರ ಹೆಸರಿಗೆ ಎರಡು ಇನಿಷಿಯಲ್ ಇವೆ, ಊರಿನದೊಂದು, ಅವರ ತಂದೆಯದೊಂದು. ಬ್ಯಾಂಕಿನಲ್ಲಿ ಅವು ಹೆಸರಿಗಿಂತ ಮೊದಲು ಬರುತ್ತವೆ, ಆಧಾರ್‌ನಲ್ಲಿ ಹೆಸರಿನ ನಂತರ ಬಿಡಿಸಿ ಬರೆದಿವೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಉಪನಾಮದ ಜಾಗದಲ್ಲಿದೆ. ನಾನು ಅಪ್ಪನಿಗೆ ಫೋನು ಮಾಡಿ, “ಅಪ್ಪಾ, ನೀವು ಆ ರಾತ್ರಿ ಜೇಬಿನಲ್ಲಿ ಯಾವ ಕಾರ್ಡ್ ಇಟ್ಟುಕೊಂಡು ಬರುತ್ತೀರಿ?” ಎಂದು ಕೇಳಿದೆ. ಆಧಾರ್ ಎಂದರು. ಅದರ ಫೋಟೋ ತರಿಸಿಕೊಂಡು, ಅಕ್ಷರಕ್ಕೆ ಅಕ್ಷರ ಅದರಲ್ಲಿದ್ದಂತೆಯೇ ಅರ್ಜಿಯಲ್ಲಿ ತುಂಬಿದೆ. ಕರೆದುಕೊಳ್ಳುವ ಎರಡನೆಯ ವ್ಯಕ್ತಿಯಾಗಿ ಮಲ್ಲೇಶ್ವರದಲ್ಲಿರುವ ನನ್ನ ತಮ್ಮನ ಹೆಸರನ್ನೂ ಸೇರಿಸಲು ಕೇಳಿಕೊಂಡು ಸೇರಿಸಿದೆ.

ಎರಡನೆಯ ತೊಡಕು ತಾರೀಖಿನದು. ಈ ವಿಮಾನ ಫ್ರಾಂಕ್‌ಫರ್ಟ್‌ನಿಂದ ಮಧ್ಯಾಹ್ನ ಹೊರಟು ಬೆಂಗಳೂರನ್ನು ನಡುರಾತ್ರಿ ಕಳೆದ ಮೇಲೆ ತಲುಪುತ್ತದೆ. ಟಿಕೆಟ್‌ನಲ್ಲಿ ತಲುಪುವ ದಿನ ಹನ್ನೊಂದನೆಯ ತಾರೀಖು ಎಂದಿದ್ದರೆ ಕರೆದುಕೊಳ್ಳುವವರು ಹತ್ತನೆಯ ತಾರೀಖಿನ ರಾತ್ರಿಯೇ ಮನೆ ಬಿಡಬೇಕು. ಹಿರಿಯರಿಗೆ “ಹನ್ನೊಂದಕ್ಕೆ ಬರುತ್ತಾರೆ” ಎಂದಷ್ಟೇ ಹೇಳಿದರೆ ಅವರು ಒಂದು ದಿನ ತಡವಾಗಿ ಹೊರಡುವ ಸಂಭವವಿದೆ. ಹಿಂದಿರುಗುವ ವಿಮಾನವೂ ನಸುಕಿಗೆ ಮುಂಚೆಯೇ ಹೊರಡುವುದರಿಂದ ಅದಕ್ಕೂ ಇದೇ ಲೆಕ್ಕ. ನಾನು ಅಮ್ಮನಿಗೆ ವಾರದ ಹೆಸರು ಹಿಡಿದು, “ಗುರುವಾರ ರಾತ್ರಿ ಊಟ ಮುಗಿಸಿಕೊಂಡು ತಮ್ಮನ ಮನೆಯಿಂದ ಹೊರಡಿ” ಎಂದು ಹೇಳಿ ಅದನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆಸಿದೆ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದ್ದರೂ ಅದೇ ದಿನ ಅಷ್ಟು ದೂರ ಪ್ರಯಾಣ ಮಾಡುವ ಬದಲು ಹಿಂದಿನ ದಿನವೇ ಬೆಂಗಳೂರಿಗೆ ಬಂದು ಉಳಿಯುವಂತೆ ಕೇಳಿಕೊಂಡೆ. ಟರ್ಮಿನಲ್ ಯಾವುದೆಂದೂ ಬಿಡಿಸಿ ಹೇಳಿದೆ: ಕೆಂಪೇಗೌಡ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಲ್ಲಿ ಟರ್ಮಿನಲ್ 2ಕ್ಕೆ ಹೋಗಿವೆ, ಆದರೆ ಅಪ್ಪನ ನೆನಪಿನಲ್ಲಿದ್ದದ್ದು ಹಳೆಯ ಟರ್ಮಿನಲ್.

ದಾಖಲೆಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ಜರ್ಮನ್ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇವೆ. ಜರ್ಮನಿಯಲ್ಲಿ ಮಕ್ಕಳಿಗೆಂದು ಕೊಡುತ್ತಿದ್ದ ಪ್ರತ್ಯೇಕ ಪಾಸ್‌ಪೋರ್ಟನ್ನು 2024ರ ಜನವರಿಯಿಂದ ಕೊಡುತ್ತಿಲ್ಲ. ಈಗ ಅವರಿಗೂ ಆರು ವರ್ಷ ಅವಧಿಯ ಸಾಮಾನ್ಯ ಪಾಸ್‌ಪೋರ್ಟನ್ನೇ ಮಾಡಿಸಬೇಕು, ಅದು ಬರಲು ಹಲವು ವಾರ ಹಿಡಿಯುತ್ತದೆ. ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ, ಇಪ್ಪತ್ತು ವರ್ಷ ತುಂಬುವವರೆಗೆ, ಅದರ ಪ್ರತಿಯನ್ನೂ ಹೊಸ ಫೋಟೋವನ್ನೂ ಒಸಿಐ ಜಾಲತಾಣದಲ್ಲಿ ಮೂರು ತಿಂಗಳೊಳಗೆ ಸೇರಿಸಬೇಕು. ಭಾರತೀಯ ಪಾಸ್‌ಪೋರ್ಟ್ ಇರುವ ಮಕ್ಕಳಾದರೆ ನೋಡಬೇಕಾದದ್ದು ಬೇರೆ: ಜರ್ಮನಿಯ ವಾಸದ ಪರವಾನಗಿ ಕಾರ್ಡ್ ಹಿಂದಿರುಗುವ ದಿನದಂದು ಚಾಲ್ತಿಯಲ್ಲಿರಬೇಕು, ಮತ್ತು ಆ ಕಾರ್ಡ್ ಮಗುವಿನ ಚೀಲದಲ್ಲೇ ಇರಬೇಕು.

ಒಪ್ಪಿಗೆ ಪತ್ರವನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದು ನಾವಿಬ್ಬರೂ ಸಹಿ ಮಾಡಿ, ನೋಟರಿಯ ಮುಂದೆ ಸಹಿ ದೃಢೀಕರಿಸಿಕೊಂಡೆವು. ಅದರಲ್ಲಿ ಮಕ್ಕಳ ಪಾಸ್‌ಪೋರ್ಟ್ ಸಂಖ್ಯೆ, ಹೋಗುವ ಬರುವ ತಾರೀಖು, ಯಾರ ಬಳಿ ಇರುತ್ತಾರೆ ಎಂಬ ವಿವರ, ನಮ್ಮ ಫೋನು ಎಲ್ಲವೂ ಇದ್ದವು. ನನ್ನ ಉಪನಾಮವೂ ಮಕ್ಕಳ ಉಪನಾಮವೂ ಬೇರೆ ಬೇರೆ; ಕನ್ನಡಿಗರ ಮನೆಗಳಲ್ಲಿ ಇದು ಸಹಜವಾದರೂ ಗಡಿ ಪೊಲೀಸರಿಗೆ ಸಹಜವೆನಿಸದಿರಬಹುದು ಎಂದು ಜನನ ಪ್ರಮಾಣಪತ್ರದ ಪ್ರತಿಯನ್ನೂ ನಮ್ಮ ಪಾಸ್‌ಪೋರ್ಟ್ ಪ್ರತಿಗಳನ್ನೂ ಜೊತೆಗಿಟ್ಟೆವು. ಇನ್ನೊಂದು ಪತ್ರ ಅಜ್ಜಿ ತಾತನ ಹೆಸರಿಗೆ: ಕಾಯಿಲೆಯಾದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಅವರಿಗಿದೆ ಎಂದು. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ಭಾರತದಲ್ಲಿ ಅನ್ವಯಿಸದ ಕಾರಣ ಪ್ರವಾಸದ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿದೆವು.

ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದದ್ದು ವಿಮಾನದೊಳಗೆ ಯಾರೂ ಪಕ್ಕದಲ್ಲಿ ಕುಳಿತು ನೋಡಿಕೊಳ್ಳುವುದಿಲ್ಲ ಎಂಬುದನ್ನು. ಗಗನಸಖಿಯರು ಆಗಾಗ ಬಂದು ವಿಚಾರಿಸುತ್ತಾರೆ, ಆದರೆ ಊಟದ ತಟ್ಟೆ ಬಿಡಿಸುವುದು, ಶೌಚಾಲಯಕ್ಕೆ ಹೋಗಿ ಬರುವುದು, ಚಳಿಯಾದರೆ ಹೊದಿಕೆ ಕೇಳುವುದು ಮಕ್ಕಳ ಪಾಲಿನದೇ. ಔಷಧಿಯನ್ನಂತೂ ಸಿಬ್ಬಂದಿ ಕೊಡುವುದಿಲ್ಲ. ಹೊತ್ತು ಹೊತ್ತಿಗೆ ಔಷಧಿ ಬೇಕಾದ ಮಗುವನ್ನು, ಅದು ತಾನೇ ತೆಗೆದುಕೊಳ್ಳುವಷ್ಟು ದೊಡ್ಡದಾಗದೆ, ಹೀಗೆ ಕಳುಹಿಸಬಾರದು. ಊಟಕ್ಕೆ ಮುಂಗಡವಾಗಿ ಒಂದೇ ವಿಶೇಷ ಊಟ ಆರಿಸಲು ಸಾಧ್ಯವಿತ್ತು. ಮಕ್ಕಳ ಊಟದಲ್ಲಿ ಮಾಂಸ ಇರಬಹುದು, ನಾವು ಸಸ್ಯಾಹಾರಿಗಳು. ಆದ್ದರಿಂದ ಏಷ್ಯನ್ ಸಸ್ಯಾಹಾರ ಬರೆಸಿ, ಖಾರವಾದರೆ ತಿನ್ನಲೆಂದು ಚಪಾತಿ ಸುರುಳಿ ಮಾಡಿ ಕಟ್ಟಿಕೊಟ್ಟೆ. ವಿಮಾನ ಇಳಿಯುವಾಗ ಮಗನಿಗೆ ಕಿವಿ ನೋಯುತ್ತದೆ, ಅದಕ್ಕೆ ಜಗಿಯಲು ಏನಾದರೂ ಕೊಡುವ ಹೊಣೆಯನ್ನು ಅಕ್ಕನಿಗೆ ವಹಿಸಿದೆ. ತಾತನ ಫೋನ್ ಸಂಖ್ಯೆಯನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿದೆ. ಕೊರಳಿಗೆ ತೂಗುಹಾಕುವ ಚೀಲವನ್ನು ಸಂಸ್ಥೆಯವರೇ ಕೊಡುತ್ತಾರೆ. ಪಾಸ್‌ಪೋರ್ಟ್ ಮತ್ತು ಅರ್ಜಿ ಅದರಲ್ಲಿರುತ್ತವೆ, ಅದನ್ನು ನಿದ್ದೆಯಲ್ಲೂ ತೆಗೆಯಬಾರದೆಂದು ಹೇಳಿದ್ದೆ.

ಫ್ರಾಂಕ್‌ಫರ್ಟ್‌ನಲ್ಲಿ ಮಕ್ಕಳನ್ನು ಒಪ್ಪಿಸಿಯಾದ ಮೇಲೂ ವಿಮಾನ ಮೇಲೇರುವವರೆಗೆ ನಾವು ನಿಲ್ದಾಣದಲ್ಲೇ ಇರಬೇಕಿತ್ತು. ಇದು ಸರಿಯಾದ ನಿಯಮ: ರನ್‌ವೇಯಿಂದ ವಿಮಾನ ಹಿಂದಕ್ಕೆ ಬಂದರೆ ಮಕ್ಕಳನ್ನು ಒಪ್ಪಿಸಲು ಯಾರಾದರೂ ಇರಲೇಬೇಕು.

ಹಿಂದಿರುಗುವ ಪ್ರಯಾಣಕ್ಕೆ ಬಿಡುವವರ ಜಾಗದಲ್ಲಿ ಅಪ್ಪನ ಹೆಸರು, ಕರೆದುಕೊಳ್ಳುವವರ ಜಾಗದಲ್ಲಿ ನಮ್ಮ ಹೆಸರು ಬರೆದ ಬೇರೆಯದೇ ಅರ್ಜಿ ಬೇಕು. ಬೆಂಗಳೂರಿನಲ್ಲಿ ಟಿಕೆಟ್ ಇಲ್ಲದವರು ಟರ್ಮಿನಲ್ ಒಳಗೆ ಹೋಗುವಂತಿಲ್ಲವಾದ್ದರಿಂದ ಬಾಗಿಲಲ್ಲಿ ಏನು ತೋರಿಸಬೇಕೆಂದು ತಮ್ಮ ಮೊದಲೇ ವಿಮಾನಯಾನ ಸಂಸ್ಥೆಯನ್ನು ವಿಚಾರಿಸಿಟ್ಟಿದ್ದ.

ಲಗೇಜಿನ ಬಗ್ಗೆ ಅಮ್ಮನೊಡನೆ ದೀರ್ಘವಾಗಿ ಮಾತಾಡಬೇಕಾಯಿತು. ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಅದರ ಎಣ್ಣೆಯಂಶದಿಂದ ಬೆಂಕಿ ಹತ್ತಬಹುದು ಎಂಬ ಕಾರಣಕ್ಕೆ. ತುಪ್ಪ ಹಾಲಿನ ಉತ್ಪನ್ನವಾದ್ದರಿಂದ ಪ್ರಯಾಣಿಕರು ಅದನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಮಾವಿನ ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಮೊಮ್ಮಕ್ಕಳ ಪೆಟ್ಟಿಗೆಯಲ್ಲಿ ಏನೂ ಇಡಬೇಡಿ ಎಂದರೆ ಅಜ್ಜಿಗೆ ನೋವಾಗುತ್ತದೆ, ಅದು ನನಗೂ ಗೊತ್ತು. ಆದರೂ ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆಸಿದರೆ ಉತ್ತರ ಹೇಳಬೇಕಾದವರು ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳು ಎಂದಾಗ ಅಮ್ಮ ಒಪ್ಪಿ, ಚಕ್ಕುಲಿ ಮತ್ತು ಚಟ್ನಿಪುಡಿಯಷ್ಟನ್ನೇ ಕಳುಹಿಸಿದರು.

ಮುಂದಿನ ಬೇಸಿಗೆಗೆ ಮಗಳಿಗೆ ಹನ್ನೆರಡು ತುಂಬಿರುತ್ತದೆ, ಸೇವೆ ಅವಳ ಮಟ್ಟಿಗೆ ಐಚ್ಛಿಕವಾಗುತ್ತದೆ. ಆದರೂ ಶುಲ್ಕ ಕಟ್ಟಿ ಅದನ್ನೇ ತೆಗೆದುಕೊಳ್ಳಲಿದ್ದೇವೆ, ಏಕೆಂದರೆ ವಿಮಾನ ಬೇರೆ ಊರಿನಲ್ಲಿ ಇಳಿಯಬೇಕಾಗಿ ಬಂದರೆ ಸೇವೆಯ ಪಟ್ಟಿಯಲ್ಲಿರುವ ಮಗುವಿನ ಹೊಣೆ ಸಂಸ್ಥೆಯ ಮೇಲಿರುತ್ತದೆ, ಹನ್ನೆರಡು ತುಂಬಿ ಪಟ್ಟಿಯಲ್ಲಿಲ್ಲದ ಮಗು ಉಳಿದ ಪ್ರಯಾಣಿಕರಲ್ಲಿ ಒಬ್ಬಳಾಗಿಬಿಡುತ್ತಾಳೆ.