‘ಹಾಸಿಗೆ ಹಿಡಿದ್ರೆ ಏನ್ ಮಾಡ್ತೀರಿ?’: ಮನೆಯ ಹಿರಿಯರಿಗೆ ಜಾಗ ಹುಡುಕುವವರಿಗೆ

ನಮ್ಮ ಚಿಗವ್ವಗೆ (ಚಿಕ್ಕಮ್ಮನಿಗೆ) ಈಗ 76. ಬಾಗಲಕೋಟೆ ನವನಗರದಲ್ಲಿ ಒಬ್ಬಳೇ ಇದ್ದಳು. ಸಾಲಿ ಟೀಚರ್ ಆಗಿ ರಿಟೈರ್ ಆದವಳು, ಪೆನ್ಶನ್ ಬರುತ್ತೆ, ಮಕ್ಕಳಿಲ್ಲ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಬೆಳಗಾವಿಯಲ್ಲಿರುವ ನಾನೇ ಆಕೆಗೆ ವೃದ್ಧಾಶ್ರಮದಂಥ ಒಂದು ಜಾಗ ಹುಡುಕಬೇಕಾಯಿತು. ನಾಲ್ಕು ತಿಂಗಳು ತಿರುಗಿ ಏಳು ಕಡೆ ನೋಡಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ವಯಸ್ಸಾದವರ ಆರೈಕೆಯಲ್ಲಿ ಮೂರು ಹಂತ ಇವೆ. ತಮ್ಮ ಕೆಲಸ ತಾವೇ ಮಾಡಿಕೊಂಡು ಇರೋದು ಒಂದು. ಸ್ನಾನಕ್ಕೆ, ಗುಳಿಗೆಗೆ ಇನ್ನೊಬ್ಬರು ಬೇಕಾಗೋದು ಎರಡನೆಯದು. ಮೂರನೆಯದು ಹಾಸಿಗೆ ಹಿಡಿದು ನರ್ಸ್ ಕೈಯಲ್ಲಿ ಇರೋದು. ಈ ಮೂರೂ ಒಂದೇ ಆವರಣದಲ್ಲಿ ಸಿಗುವ ಜಾಗಕ್ಕೆ ಕಂಟಿನ್ಯೂಯಿಂಗ್ ಕೇರ್ ಅಂತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ನಾನು ನೋಡಿದ್ದು ಬಹುತೇಕ ಟ್ರಸ್ಟಿನ ವೃದ್ಧಾಶ್ರಮಗಳೇ. ದೊಡ್ಡ ಸೀನಿಯರ್ ಲಿವಿಂಗ್ ಕಾಲೊನಿ ಬೇಕಂದ್ರೆ ಪುಣೆ, ಬೆಂಗಳೂರು, ಕೊಯಮತ್ತೂರು ಕಡೆ ಹೋಗಬೇಕು. ಬೆಳಗಾವಿಯವರಿಗೆ ಪುಣೆ ಐದಾರು ತಾಸಿನ ದಾರಿ, ಅಂದರೆ ತಿಂಗಳಿಗೊಮ್ಮೆ ಹೋಗಿ ಬರೋದೇ ಕಷ್ಟ. ಯಾರೂ ಬಂದು ಹೋಗದ ಜಾಗದಲ್ಲಿ ಎಂಥಾ ಹೂದೋಟ ಇದ್ದರೇನು?

ಎಲ್ಲಿಗೇ ಹೋದರೂ ಮೊದಲು ಇದನ್ನೇ ಕೇಳಿ: ‘ನಾಳೆ ಈಕೆ ಹಾಸಿಗೆ ಹಿಡಿದ್ರೆ ಇಲ್ಲೇ ಇಟ್ಕೋತೀರಾ?’ ಮರೆವಿನ ಕಾಯಿಲೆ ಬಂದರೆ ಏನು ಅಂತಲೂ ಕೇಳಿ. ‘ಅದೆಲ್ಲಾ ನೋಡ್ಕೋತೀವ್ರೀ’ ಅಂತ ಬಾಯಿಮಾತಲ್ಲಿ ಹೇಳಿದರೆ, ಕರಾರು ಪತ್ರ ತೋರಿಸಿ ಅನ್ನಿ. ಒಂದು ಕಡೆ ಮ್ಯಾನೇಜರ್ ಚಹಾ ಕುಡಿಸಿ ಬಹಳ ಪ್ರೀತಿಯಿಂದ ಮಾತಾಡಿದರು. ಪತ್ರದ ಕೊನೆಯ ಹಾಳೆ ತಿರುವಿದರೆ, ಸ್ವಂತ ಓಡಾಡಲು ಆಗದಿದ್ದರೆ ಏಳು ದಿನದೊಳಗೆ ಸಂಬಂಧಿಕರು ಕರೆದುಕೊಂಡು ಹೋಗಬೇಕು ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನಮಗೆ ಜಾಗ ಬೇಕಿರೋದೇ ಆ ದಿನಕ್ಕೆ ಅಲ್ವಾ?

ನೋಡಲು ಹೋದಾಗ ಬಚ್ಚಲಿಗೆ ಹೋಗಿ. ನಿಜವಾಗ್ಲೂ. ಗೋಡೆಗೆ ಹಿಡಿಕೆ ಇದೆಯೇ, ಹೊಸ್ತಿಲು ಎತ್ತರ ಇದೆಯೇ, ಟೈಲ್ಸ್ ಒದ್ದೆಯಾದಾಗ ಜಾರುತ್ತೋ, ನೋಡಿ. ಬಾಗಿಲು ಹೊರಗೆ ತೆರೆಯುವಂತಿದ್ದರೆ ಒಳ್ಳೆಯದು, ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡ ಆಗಿರ್ತಾರೆ. ನಾನು ಒಂದು ಕಡೆ ಬಚ್ಚಲಲ್ಲಿ ತುರ್ತಿಗೆ ಕರೆಯೋ ಬೆಲ್ಲಿನ ಹಗ್ಗ ಎಳೆದು ಸುಮ್ನೆ ನಿಂತೆ. ಫೋನಿನಲ್ಲಿ ಟೈಮ್ ನೋಡುತ್ತಾ ಇದ್ದೆ, ಹನ್ನೊಂದು ನಿಮಿಷ ಆಯಿತು. ಬಂದವನು ವಾಚ್‌ಮನ್, ಅದೂ ಗೀಸರ್ ರಿಪೇರಿಗೆ ಬಂದವನು ನಾನು ಅಂದುಕೊಂಡು. ಇನ್ನೊಂದು ಕಡೆ ಹಗ್ಗವನ್ನು ಒದ್ದೆ ಆಗಬಾರದು ಅಂತ ಮೇಲೆತ್ತಿ ಷವರ್ ಪೈಪಿಗೆ ಗಂಟು ಹಾಕಿದ್ದರು. ನೆಲದ ಮೇಲೆ ಬಿದ್ದ ಚಿಗವ್ವನ ಕೈಗೆ ಅದು ಎಟುಕೋದು ಹೇಗೆ? ಹಗ್ಗ ನೆಲ ಮುಟ್ಟುವ ಹಾಗೆ ಇಳಿಬಿದ್ದಿರಬೇಕು.

ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ ಅಂತ ಕೇಳಿ. ಹಗಲಿನ ಲೆಕ್ಕ ಎಲ್ಲರೂ ಚೆನ್ನಾಗೇ ಹೇಳ್ತಾರೆ. ಭಾನುವಾರ ಸಂಜೆ ಹೇಳದೇ ಕೇಳದೇ ಒಮ್ಮೆ ಹೋಗಿ ಬನ್ನಿ. ಬೆಳಗಾವಿಯಲ್ಲಾದರೆ ಜುಲೈನಲ್ಲಿ ನೋಡಿ, ಮಳೆಗೆ ಗೋಡೆ ತೇವ ಹಿಡಿದಿದ್ದು ಮೂಗಿಗೇ ಗೊತ್ತಾಗುತ್ತೆ. ವಿಜಯಪುರದಲ್ಲಾದರೆ ಏಪ್ರಿಲ್ ಮಧ್ಯಾಹ್ನ ಹೋಗಿ, ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತೋ ಇಲ್ಲವೋ ನೋಡಿ. ಖಾನಾಪುರ ಕಡೆಯ ಕಾಡು ಚೆಂದ, ನಿಜ. ಆದರೆ ರಾತ್ರಿ ಎರಡಕ್ಕೆ ಎದೆನೋವು ಬಂದರೆ ದೊಡ್ಡ ಆಸ್ಪತ್ರೆಗೆ ಬೆಳಗಾವಿಗೇ ಓಡಬೇಕು. ಆಂಬುಲೆನ್ಸ್ ಅವರದೇ ಇದೆಯೋ, ಫೋನ್ ಮಾಡಿ ಕರೆಸ್ತಾರೋ?

ಊಟದ ವಿಷಯ ಚಿಗವ್ವಗೇ ಬಿಟ್ಟೆ. ಆಕೆ ನೇರ ಅಡುಗೆಮನೆಗೆ ಹೋಗಿ, ‘ರೊಟ್ಟಿ ನೀವ ಬಡೀತೀರೋ, ಹೊರಗಿಂದ ತರಸ್ತೀರೋ?’ ಅಂತ ಕೇಳಿದಳು. ಒಣಗಿದ ಕಟಕ್ ರೊಟ್ಟಿ ತರಸ್ತೀವಿ ಅಂದರೆ ಆ ಜಾಗ ಅಲ್ಲಿಗೇ ಕ್ಯಾನ್ಸಲ್. ಹಲ್ಲಿಲ್ಲದವಳಿಗೆ ಮೆತ್ತನ್ನ ಬಿಸಿ ರೊಟ್ಟಿನೇ ಬೇಕು. ಆಳುಗಳು ಯಾವ ಮಾತು ಆಡ್ತಾರೆ ಅಂತಲೂ ನೋಡಿ. ನಮ್ಮ ಕಡೆ ಕನ್ನಡ, ಮರಾಠಿ ಎರಡೂ ನಡೆಯುತ್ತೆ. ಹಿಂದಿ ಒಂದೇ ಬರುವ ನರ್ಸ್‌ಗೆ ‘ಎದ್ಯಾಗ ಹೆಂಗೋ ಆಗಾಕತ್ತೈತಿ’ ಅನ್ನೋದು ತಿಳಿಯೋದಿಲ್ಲ.

ದುಡ್ಡು. ಡೆಪಾಸಿಟ್ ಎಷ್ಟು, ಬಿಟ್ಟರೆ ಅಥವಾ ತೀರಿಕೊಂಡರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಇದು ಬರವಣಿಗೆಯಲ್ಲಿ ಇರಲಿ. ತಿಂಗಳ ಖರ್ಚು ವರ್ಷಕ್ಕೆ ಎಷ್ಟು ಏರುತ್ತೆ? ಡಯಾಪರ್, ಫಿಸಿಯೋ, ಆಯಾ ಇದೆಲ್ಲ ಬೇರೆ ಬಿಲ್ಲಾ? ನೋಂದಾಯಿತ ಧರ್ಮಾರ್ಥ ಟ್ರಸ್ಟಿನ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ಊಟ, ವಸತಿ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಹಾಕಿದ್ದರೆ ಯಾಕೆ ಅಂತ ಕೇಳಿ. ಹೊಸ ಪ್ರಾಜೆಕ್ಟಿನಲ್ಲಿ ಫ್ಲ್ಯಾಟ್ ಕೊಳ್ಳೋದಾದರೆ ರೇರಾ (ಮನೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ನಂಬರ್ ಇಲ್ಲದೆ ಅಡ್ವಾನ್ಸ್ ಕೊಡಬೇಡಿ.

ಇನ್ನು, ‘ಮನೆ ನಮ್ಮ ಹೆಸರಿಗೆ ಮಾಡಿ, ಕೊನೆತನಕ ನೋಡ್ಕೋತೀವಿ’ ಅನ್ನುವವರು ಸಿಗ್ತಾರೆ. ಆಶ್ರಮದವರೇ ಆಗಬೇಕಂತಿಲ್ಲ, ಅಣ್ಣನ ಮಗನೂ ಆಗಬಹುದು. ಬರೆದುಕೊಡಲೇಬೇಕು ಅಂದರೆ ನೋಡಿಕೊಳ್ಳಬೇಕು ಅನ್ನೋ ಷರತ್ತು ಪತ್ರದಲ್ಲೇ ಇರಲಿ. ಆಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹಿಡಿದು ಅದನ್ನು ರದ್ದು ಮಾಡಿಸಲು ದಾರಿ ಇದೆ. ಅರ್ಜಿ ಹೋಗೋದು ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಮುಂದಿರುವ ನ್ಯಾಯಮಂಡಳಿಗೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಕಡೆಗೆ ಬೆಳಗಾವಿ ಹತ್ತಿರದ ಒಂದು ಸಣ್ಣ ಟ್ರಸ್ಟಿನ ಜಾಗ ಒಪ್ಪಿಗೆಯಾಯಿತು. ಹಾಸಿಗೆ ಹಿಡಿದರೂ ಇಟ್ಟುಕೊಳ್ತೀವಿ ಅಂತ ಬರೆದುಕೊಟ್ಟರು. ಮೊದಲು ಒಂದೇ ತಿಂಗಳಿಗೆ ಸೇರಿಸಿದೆವು, ನೀವೂ ಹಾಗೇ ಮಾಡಿ. ಐದನೇ ದಿನ ಫೋನ್ ಬಂತು: ‘ಪಲ್ಯೆಕ್ಕ ಖಾರನ ಇಲ್ಲೋ ತಮ್ಮಾ, ಶೇಂಗಾ ಹಿಂಡಿ ಕಳಸು.’ ಆ ಶೇಂಗಾ ಚಟ್ನಿಪುಡಿ ಒಯ್ದು ಕೊಟ್ಟೆ. ಈಗ ಎಂಟು ತಿಂಗಳಾಯಿತು. ನವನಗರದ ಮನೆ ಮಾರಿಲ್ಲ, ಕೀಲಿ ಆಕೆಯ ಪರ್ಸಿನಲ್ಲೇ ಇದೆ.